ಎಡಗೋಲು, ಬಲಗೋಲು

ಕೊಯ್ಲು ಮುಗಿದ ಹೊಲದಲ್ಲಿ ಟೀವಿ ಧಾರಾವಾಹಿಯವರು ಒಂದು ಹಳ್ಳಿಯನ್ನೇ ಕಟ್ಟಿದ್ದರು. ಅಜ್ಜಂಪುರದ ಸುತ್ತ ಇದ್ದ ಹಳ್ಳಿಗಳು ಅವರಿಗೆ ಹಳ್ಳಿಯ ಹಾಗೆ ಕಾಣಲಿಲ್ಲವಂತೆ. ಪ್ಲೈವುಡ್ ಗೋಡೆಗೆ ಸಗಣಿ ಬಣ್ಣ ಬಳಿದಿದ್ದರು. ಕ್ಯಾಮೆರಾ ಕೂರಿಸಲು ಬೆಂಗಳೂರಿನಿಂದ ಕ್ರೇನ್ ಬಂದಿತ್ತು.

ಉಳುವ ದೃಶ್ಯಕ್ಕೆ ಕರಿಸಿದ್ದಪ್ಪ ತನ್ನ ಎತ್ತಿನ ಜೋಡಿ ತಂದಿದ್ದ; ಒಂದು ಬಿಳಿ, ಇನ್ನೊಂದು ಮಾಸಲು ಬಣ್ಣದ್ದು. ಎತ್ತುಗಳನ್ನು ಪಳಗಿಸಿ ತಿದ್ದುವುದು ಅವನ ಕಸುಬು. ಅವನು ತಿದ್ದಿದ್ದೆಂದರೆ ಕಡೂರು, ತರೀಕೆರೆಯವರು ಹೂಡಿ ನೋಡದೆ ಒಯ್ಯುತ್ತಿದ್ದರು. ಈ ಜೋಡಿಯನ್ನು ಲಿಂಗದಹಳ್ಳಿಯ ಜಯದೇವಪ್ಪನಿಗೆ ಕೊಡುವುದೆಂದು ಮಾತಾಗಿತ್ತು.

ಟೀವಿಯವರ ಮ್ಯಾನೇಜರು ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡ. "ಟೀವೀಲಿ ಬರುತ್ತೆ ಯಜಮಾನ್ರೇ."

ಡೈರೆಕ್ಟರು ಎತ್ತುಗಳನ್ನು ನೋಡಿ, "ಬಿಳೀದು ಕ್ಯಾಮೆರಾ ಕಡೆ ಬರಲಿ," ಎಂದ.

"ಬರಲ್ಲ. ಬಿಳೀದು ಬಲಗೋಲು, ಮಾಸಲು ಎಡಗೋಲು. ನೊಗದಲ್ಲಿ ಅವುಗಳ ಜಾಗ ಬದಲಾಯ್ಸಂಗಿಲ್ಲ ಕಣ್ರೀ."

"ಯಾರಿಗೆ ಗೊತ್ತಾಗುತ್ತೆ?"

"ಎತ್ತಿಗೆ ಗೊತ್ತಾಗ್ತದೆ."

ಮ್ಯಾನೇಜರು ನಕ್ಕ. "ಒಂದೊಂದು ಕಂತಿಗೆ ಲಕ್ಷಗಟ್ಟಲೆ ಸುರೀತಿದೀವಿ. ನಿಮ್ಮ ಎತ್ತಿಗೋಸ್ಕರ ಕ್ರೇನ್ ಎತ್ತಿಡೋಕಾಗುತ್ತಾ?"

"ಹಂಗಾರೆ ಮಾಸಲಿಗೂ ಬಣ್ಣ ಬಳೀರಿ, ಗೋಡೆಗೆ ಬಳಿದಂಗೆ."

ಅವನ ಮಾತು ಮುಗಿಯುವುದರೊಳಗೆ ಅವರ ಆಳುಗಳು ಎತ್ತುಗಳನ್ನು ಅದಲುಬದಲು ಹೂಡಿದ್ದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎರಡೂ ತಮ್ಮ ತಮ್ಮ ಬದಿ ಹುಡುಕಿ ಒಂದನ್ನೊಂದು ತಳ್ಳಿದವು. ನೇಗಿಲು ಮಣ್ಣು ಬಿಟ್ಟು ಮೇಲೆದ್ದಿತು. ನಾಯಕ ಪಾತ್ರದವನು ಮಾಸಲಿಗೆ ಕೋಲಿನಿಂದ ಬಾರಿಸಿದ.

ಕರಿಸಿದ್ದಪ್ಪ ಹೋಗಿ ಕೋಲು ಕಿತ್ತುಕೊಂಡು, ನೊಗ ಕಳಚಿ, ಎತ್ತುಗಳನ್ನು ಮನೆಗೆ ಹೊಡೆದುಕೊಂಡು ಹೊರಟ.

"ಹೋದ್ರೆ ಹೆಸರು ಹಾಕಲ್ಲ," ಎಂದ ಮ್ಯಾನೇಜರು.

"ಹಾಕಿದ್ರೆ ನೋಡು."

ಮುಂಗಾರಿಗೆ ಮೊದಲು ಆ ಕಂತು ಬಂತು. ಎತ್ತು ಒಯ್ಯಲು ಬಂದಿದ್ದ ಜಯದೇವಪ್ಪನೂ ಪಂಚಾಯ್ತಿ ಟೀವಿಯ ಮುಂದೆ ಕೂತಿದ್ದ. ಕ್ರೇನ್ ಮೇಲಿಂದ ಹೊಲ ಬಲು ಚಂದ ಕಂಡಿತು. ಹೊಲದಲ್ಲಿ ಬೇರೆ ಯಾರದೋ ಜೋಡಿ. ಎರಡೂ ಹೆಗಲಿಗೆ ಹೆಗಲು ಉಜ್ಜುತ್ತ ಸೊಟ್ಟಗೆ ಎಳೆಯುತ್ತಿದ್ದವು. ಜನ ನಗತೊಡಗಿದರು.

ಕೊನೆಗೆ ಅಕ್ಷರಗಳು ಮೂಡಿದವು. ಮುಂದೆ ಕೂತಿದ್ದ ಊರಿನ ಹನುಮಂತಪ್ಪ ಗಟ್ಟಿಯಾಗಿ ಓದಿದ: "ಎತ್ತುಗಳು, ಕರಿಸಿದ್ದಪ್ಪ, ಅಜ್ಜಂಪುರ."

ನಗು ನಿಂತಿತು. ಎಲ್ಲರೂ ಕರಿಸಿದ್ದಪ್ಪನ ಕಡೆ ತಿರುಗಿದರು.

"ಆ ಪಟ್ಟೀನೂ ತಿದ್ದಲಿಲ್ಲ, ಸೋಮಾರಿ ನನ್ಮಕ್ಳು," ಎಂದ ಕರಿಸಿದ್ದಪ್ಪ.

ಜಯದೇವಪ್ಪ ಟವೆಲು ಕೊಡವಿ ಎದ್ದ. "ಅವು ನಿನ್ನವಲ್ಲ ಅಂತ ನಡಿಗೇಲೇ ತಿಳೀತು. ಆದ್ರೆ ಕಡೂರಿನೋರಿಗೆ ಯಾರು ಹೇಳ್ತಾರೆ? ಇವತ್ತು ನಿನ್ನ ಜೋಡೀನ ನಾನು ಒಯ್ಯಲ್ಲ. ಮೊದ್ಲು ಕಡೂರು ಸಂತೇಲಿ ಗಾಡಿಗೆ ಹೂಡಿ ನಡೆಸು, ಜನ ನೋಡಲಿ. ಆಮೇಲೆ ತರೀಕೆರೆ ಸಂತೇಲಿ. ಅಲ್ಲಿಂದ ನಮ್ಮನೆಗೆ ತಂದು ಕಟ್ಟು."

ಬೆಳಿಗ್ಗೆ ಕರಿಸಿದ್ದಪ್ಪ ಗಾಡಿ ಹೂಡಿದ. ಬಿಳೀದು ತಾನಾಗಿಯೇ ಬಲಕ್ಕೆ ಬಂದು ನೊಗಕ್ಕೆ ತಲೆ ಕೊಟ್ಟಿತು.