ತುರಿಯಾ ಇಳಿಯದ ಬಸ್ಸು

ಚಳಿ ಇನ್ನೂ ಬಿಟ್ಟಿರಲಿಲ್ಲ, ತುರಿಯಾ ಸ್ಟ್ರಾಬೆರಿ ಕೀಳುವ ಕೆಲಸಕ್ಕೆಂದು ಸಮುದ್ರ ದಾಟಿ ಸ್ಪೇನಿಗೆ ಹೋದಳು. ಆರು ವರ್ಷದ ಮಗಳು ಹಸ್ನಾ ಲಾರಾಶ್ ಪಟ್ಟಣದಾಚೆಯ ಹಳ್ಳಿಯಲ್ಲಿ ಅಜ್ಜಿ ಯಮ್ನಾಳ ಬಳಿ ಉಳಿದಳು. ಗಂಡ ಬಿಟ್ಟ ಹೆಂಗಸು ಮನೆಯಲ್ಲಿ ಕೂತರೆ ಹೊಟ್ಟೆಗೇನು? ಹೋಗು ಹೋಗು ಎಂದು ಮಗಳ ಬೆನ್ನು ಬಿದ್ದವಳೂ ಯಮ್ನಾಳೇ.

ಶಾಲೆಯ ಟೀಚರು ಹಸ್ನಾಳ ಕೈಗೊಂದು ಚಿತ್ರದ ಪುಸ್ತಕ ಕೊಟ್ಟು ಕಳಿಸಿದ್ದಳು. ಅದರಲ್ಲೊಬ್ಬ ಹುಡುಗಿಯ ತಾಯಿ ದೂರದೂರಿಗೆ ದುಡಿಯಲು ಹೋಗುತ್ತಾಳೆ. ಹುಡುಗಿ ಅಮ್ಮನ ತಲೆವಸ್ತ್ರ ಮೂಸುತ್ತಾ ಮಲಗುತ್ತಾಳೆ, ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಕೊನೆಗೆ ಹಳದಿ ಬಸ್ಸು ಬಂದು ನಿಲ್ಲುತ್ತದೆ, ತಾಯಿ ಇಳಿಯುತ್ತಾಳೆ. ಯಮ್ನಾಳಿಗೆ ಅಕ್ಷರ ಬಾರದು. ಚಿತ್ರ ನೋಡಿಕೊಂಡೇ ಕಥೆ ಹೇಳುತ್ತಿದ್ದಳು. ಮಗು ಎರಡು ತುತ್ತು ಹೆಚ್ಚು ತಿನ್ನಲಿ ಎಂಬ ಆಸೆಗೆ ಆ ತಾಯಿಯ ಹೆಸರು ತುರಿಯಾ ಎಂದುಬಿಟ್ಟಿದ್ದಳು.

ಬೇಸಿಗೆ ಹತ್ತುವ ಹೊತ್ತಿಗೆ ಸ್ಪೇನಿಗೆ ಹೋಗಿದ್ದ ಹೆಂಗಸರ ಬಸ್ಸು ಕೂಡುರಸ್ತೆಗೆ ಬಂತು.

"ಹಳದಿ ಅಲ್ವಲ್ಲ ಅಜ್ಜಿ, ಬಿಳೀದು."

"ಬಣ್ಣ ಕಟ್ಕೊಂಡು ಏನೇ? ಒಳಗಿರೋರನ್ನ ನೋಡು."

ಕಂಬಳಿ, ಎಣ್ಣೆ ಡಬ್ಬ ಹೊತ್ತು ಒಬ್ಬೊಬ್ಬರೇ ಇಳಿದರು. ತುರಿಯಾ ಇಳಿಯಲಿಲ್ಲ. ಹಸ್ನಾ ಬಸ್ಸು ಹತ್ತಿ, ಸೀಟುಗಳ ಕೆಳಗೂ ಬಗ್ಗಿ ನೋಡಿಬಂದಳು.

ಸ್ಪೇನಿನಲ್ಲಿ ತುರಿಯಾಳ ಕೋಣೆಯಲ್ಲೇ ಇದ್ದ ನೆರೆಮನೆಯ ಬಹೀಜಾ ಮುಖ ತಿರುಗಿಸಿ ಹೊರಟಿದ್ದಳು. ಯಮ್ನಾ ಅಡ್ಡ ನಿಂತಳು.

"ಎಲ್ಲೇ ಅವಳು?"

"ಹೊರಡೋ ಹಿಂದಿನ ದಿನ ಗಂಟು ತಗೊಂಡು ಹೋದ್ಲು, ಯಮ್ನಕ್ಕ. ಅಲ್ಲೇ ಎಲ್ಲೋ ಕದ್ದುಮುಚ್ಚಿ ಕೆಲಸ ಮಾಡ್ತಾಳಂತೆ. ಮಗೂನ ಆಮೇಲೆ ಕರೆಸ್ಕೋತೀನಿ ಅಂದ್ಲು."

"ನೀನು ಬಿಟ್ಟೆಯಾ?"

"ನಾನೇನು ಅವಳ ಕಾಲಿಗೆ ಹಗ್ಗ ಕಟ್ಲಾ? ಮಕ್ಕಳೊಂದಿಗರನ್ನೇ ಯಾಕೆ ಆರಿಸಿ ಕರ್ಕೊಂಡು ಹೋಗ್ತಾರೆ ಅನ್ಕೊಂಡಿದೀಯ? ಮಗು ಇಲ್ಲಿದ್ರೆ ತಾಯಿ ತಪ್ಪಿಸ್ಕೊಳ್ಳಲ್ಲ ಅಂತ. ನಿನ್ನ ಮಗಳಿಗೆ ಮಗೂನೂ ಸಾಲ್ದೇ ಹೋಯ್ತು. ಇನ್ನು ನಮ್ಮೂರೋರನ್ನ ಯಾರು ಕರೀತಾರೆ?"

ಅಜ್ಜಿಯ ನಿಲುವಂಗಿ ಹಿಡಿದು ನಿಂತಿದ್ದ ಹಸ್ನಾ ಎಲ್ಲವನ್ನೂ ಕೇಳಿಸಿಕೊಂಡಳು. ಮನೆ ಹತ್ತಿರವಾದಾಗ ಬಾಯಿಬಿಟ್ಟಳು.

"ಅಜ್ಜಿ, ನಾನು ಇದೀನಿ ಅಂತಾನಾ ಅಮ್ಮನ್ನ ಕರ್ಕೊಂಡು ಹೋಗಿದ್ದು?"

"ಸುಮ್ನಿರೇ," ಎಂದು ಗದರಿದಳು ಯಮ್ನಾ. ಅಲ್ಲ ಎನ್ನಬೇಕಿತ್ತು. ಆಮೇಲೆ ಎಷ್ಟೋ ಸಲ ಅಂದಳು. ಮಗು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕವನ್ನು ತಾನೇ ಒಯ್ದು ಟೀಚರಿಗೆ ಕೊಟ್ಟು, "ಇದು ಸುಳ್ಳು ಹೇಳುತ್ತೆ," ಎಂದಿತಂತೆ. ಪುಸ್ತಕ ತುರಿಯಾಳ ಹೆಸರೆತ್ತಿರಲಿಲ್ಲ, ಎತ್ತಿದವಳು ಯಮ್ನಾಳೇ.

ಆಲಿವ್ ಉದುರಿಸುವ ಕಾಲಕ್ಕೆ ತುರಿಯಾಳ ಫೋನು ಬಂತು.

"ಅಮ್ಮಾ, ಆಮೇಲೆ ಎಷ್ಟು ಬೇಕಾದ್ರೂ ಬೈ. ಮೊದಲು ಅವಳಿಗೆ ಕೊಡು."

ಹಸ್ನಾ ಎರಡೂ ಕೈಯಲ್ಲಿ ಫೋನು ಹಿಡಿದು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದಳು: "ಅಮ್ಮಾ, ನಾನು ಸತ್ತೋದೆ ಅಂತ ನಿನ್ನ ಕರ್ಕೊಂಡು ಹೋದೋರಿಗೆ ಹೇಳು. ಮಕ್ಕಳಿಲ್ಲದೋರನ್ನ ಅವರು ಇಟ್ಕೊಳ್ಳಲ್ಲ. ಕಳಿಸಿಬಿಡ್ತಾರೆ."

ಆ ಕಡೆಯಿಂದ ಫೋನು ಕಡಿಯಿತು. ಯಮ್ನಾ ಆ ನಂಬರಿಗೆ ವಾರಗಟ್ಟಲೆ ಫೋನು ಮಾಡಿಸಿದಳು. ಯಾರೂ ಎತ್ತಲಿಲ್ಲ.

ಆ ವರ್ಷ ಕೆಲಸಕ್ಕೆ ಆರಿಸುವವರು ಹಳ್ಳಿಯತ್ತ ಸುಳಿಯಲೇ ಇಲ್ಲ. ಹೆಂಗಸರು ಯಮ್ನಾಳ ಬಾಗಿಲ ಮುಂದೆ ಉಗಿದು ಹೋಗತೊಡಗಿದರು. ಅವಳು ಪಾತ್ರೆಪಡಗ ಕತ್ತೆಯ ಮೇಲೆ ಹೇರಿ, ಮೊಮ್ಮಗಳ ಕೈ ಹಿಡಿದು ಲಾರಾಶಿಗೆ, ತಮ್ಮನ ಮನೆಗೆ ಹೊರಟುಬಂದಳು. ಈಗ ಬಂದರಿನಲ್ಲಿ ಮೀನು ಸೀಳುತ್ತಾಳೆ. ಫೋನ್ ನಂಬರು ಮಾತ್ರ ಬದಲಿಸಿಲ್ಲ. ಫೋನು ರಿಂಗಾದಾಗಲೆಲ್ಲ ಹಸ್ನಾ, ಸತ್ತ ಮಗು ಮನೆಯಲ್ಲಿರಬಾರದು ಎಂಬಂತೆ, ಸದ್ದಿಲ್ಲದೆ ಎದ್ದು ಹೊರಗೆ ಹೋಗಿ ನಿಲ್ಲುತ್ತಾಳೆ.