ಯಾರಿಂದ ಬಂತು ಎಂದು ಕೇಳುವ ಮುನ್ನ

ಲಾಂಡ್ರಿ ಅಂಗಡಿಯ ಹಿಂದಿನ ಮನೆಯಲ್ಲಿ ಮೊದಲು ಸೊಸೆಯ ಲೋಟ ಬೇರೆಯಾಯಿತು. ಮಾರನೆಯ ದಿನ ತಟ್ಟೆ. ಆಮೇಲೆ ಅವಳ ಟವೆಲು, ಬಟ್ಟೆ ಎಲ್ಲವೂ ಮೂಲೆಯ ಬಕೆಟ್ಟಿಗೆ ಹೋದವು. ಊರಿನವರ ಬಟ್ಟೆಗೆಲ್ಲ ಜಾಗವಿದ್ದ ದೊಡ್ಡ ತೊಟ್ಟಿಯಲ್ಲಿ ಮನೆ ಸೊಸೆಯ ಬಟ್ಟೆಗೆ ಜಾಗವಿಲ್ಲದಂತಾಯಿತು.

ಸೊಸೆ ಐದು ತಿಂಗಳ ಬಸುರಿ. ಆಸ್ಪತ್ರೆಯಲ್ಲಿ ಎಲ್ಲ ಬಸುರಿಯರಿಗೂ ಮಾಡುವ ರಕ್ತ ಪರೀಕ್ಷೆಯನ್ನು ಅವಳಿಗೂ ಮಾಡಿದ್ದರು. ಸಿಫಿಲಿಸ್ ಇದೆ ಎಂದು ಬಂತು. ಇದು ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ಅಂದೇ ಮೊದಲ ಇಂಜೆಕ್ಷನ್ ಕೊಟ್ಟ ನರ್ಸ್, "ವಾರಕ್ಕೊಂದರ ಹಾಗೆ ಇನ್ನೂ ಎರಡು ಇದೆ. ಮುಂದಿನ ಸಲ ಯಜಮಾನರನ್ನೂ ಕರ್ಕೊಂಡು ಬಾಮ್ಮ" ಎಂದು ಕಳಿಸಿದ್ದರು.

ಸೊಸೆ ಗಂಡನಿಗೆ ಮೆಲ್ಲಗೆ ಹೇಳಿದಳು. ಪಕ್ಕದಲ್ಲಿ ಅತ್ತೆ ಗಿರಾಕಿಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅತ್ತೆಗೆ ಮಂಜಾಗಿರುವುದು ಕಣ್ಣು, ಕಿವಿಯಲ್ಲ.

"ನನ್ನ ಮಗ ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ. ಅವನಿಗೆಲ್ಲಿಂದ ಬರುತ್ತೆ? ಯಾರ ರಕ್ತದಲ್ಲಿ ಸಿಕ್ತೋ ರೋಗ ಅವರದ್ದೇ."

"ಅವರ ರಕ್ತ ಇನ್ನೂ ನೋಡೇ ಇಲ್ವಲ್ಲ ಅತ್ತೆ."

"ನೋಡೋದೇನೇ? ಹೆತ್ತವಳು ನಾನು!"

ಗಂಡ ಇಸ್ತ್ರಿ ತಳ್ಳುತ್ತಲೇ ಇದ್ದ. ಒಂದೇ ಕಾಲರನ್ನು ಮತ್ತೆ ಮತ್ತೆ ಒತ್ತಿದ.

ಎರಡನೇ ಇಂಜೆಕ್ಷನ್ನಿಗೆ ಸೊಸೆ ಒಬ್ಬಳೇ ಹೋದಳು. "ಅಂಗಡಿ ಯಾರು ನೋಡ್ಕೋತಾರೆ?" ಎಂದು ಗಂಡ ಜಾರಿಕೊಂಡಿದ್ದ. ತವರಿಗೆ ಅಟ್ಟಿಬಿಟ್ಟಾರೆಂಬ ಭಯ ಅವಳಿಗಿತ್ತು. ಅದಕ್ಕಿಂತ ಹೆಚ್ಚು ಕೊರೆಯುತ್ತಿದ್ದದ್ದು ನರ್ಸ್ ಹೇಳಿದ ಮಾತು. ಗಂಡನಿಗೆ ರೋಗವಿದ್ದು ಅವನು ಚಿಕಿತ್ಸೆ ಪಡೆಯದಿದ್ದರೆ, ವಾಸಿಯಾದ ಮೇಲೂ ಅದು ಅವಳಿಗೆ ಮತ್ತೆ ಅಂಟಬಹುದು. ಅವಳಿಂದ ಹೊಟ್ಟೆಯ ಕೂಸಿಗೆ.

"ನೀವೇ ಬಂದು ಹೇಳಿ ಸಿಸ್ಟರ್" ಎಂದಳು.

"ನಿನ್ನ ಒಪ್ಪಿಗೆ ಇಲ್ದೆ ನಾನು ಯಾರ ಹತ್ರಾನೂ ಮಾತಾಡಲ್ಲ. ನೀನು ಹೇಳು ಅಂದ್ರೆ ಬರ್ತೀನಿ."

"ಹೇಳಿ."

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನರ್ಸ್ ಬಂದರು. ಬೇರೆಯಿಟ್ಟ ಲೋಟ, ತಟ್ಟೆ, ಮೂಲೆಯ ಬಕೆಟ್ಟು ಎಲ್ಲವನ್ನೂ ನೋಡಿದರು.

"ಏನಮ್ಮಾ, ಲೋಟ ಬೇರೆ ಮಾಡಿದ್ದೀರಿ, ಹಾಸಿಗೆ ಬೇರೆ ಮಾಡಿಲ್ವಲ್ಲ! ಲೋಟ, ತಟ್ಟೆ, ಟವೆಲು, ಶೌಚಾಲಯ, ಇದ್ಯಾವುದರಿಂದಲೂ ಈ ರೋಗ ಬರಲ್ಲ. ಬೇರೆ ಇರಬೇಕಾದದ್ದು ಗಂಡ ಹೆಂಡತಿ. ಇಬ್ಬರ ಚಿಕಿತ್ಸೆ ಮುಗಿದು, ಡಾಕ್ಟರು ಸರಿ ಅನ್ನೋವರೆಗೂ."

ಅತ್ತೆ ಸೋಲಲಿಲ್ಲ. "ನಮ್ಮಜ್ಜಿ ಇದನ್ನ ಪರಂಗಿ ರೋಗ ಅನ್ನೋಳು. ಹೊರಗಿನೋರು ತಂದು ಹಚ್ಚಿದ್ದು. ಹೊರಗಿಂದ ಬಂದವಳು ಇವಳೇ ತಾನೆ?"

ನರ್ಸ್ ನಕ್ಕರು. "ಆ ಪರಂಗಿಯವರು ಏನಂತಿದ್ರು ಕೇಳಿ. ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ಯುದ್ಧ ನಡೀತಿದ್ದಾಗ ಈ ರೋಗ ಹಬ್ಬಿತು. ಇಟಲಿಯವರು ಇದು ಫ್ರೆಂಚರ ರೋಗ ಅಂದ್ರು. ಫ್ರೆಂಚರು ಇಟಲಿಯ ನೇಪಲ್ಸ್ ಊರಿಂದು ಅಂದ್ರು. ರಷ್ಯದವರು ಪೋಲೆಂಡಿನವರದ್ದು ಅಂದ್ರು, ಪೋಲೆಂಡಿನವರು ಜರ್ಮನ್ನರದ್ದು ಅಂದ್ರು. ಮೊದಲು ಎಲ್ಲಿ ಹುಟ್ಟಿತು ಅಂತ ಪಂಡಿತರು ಇವತ್ತಿಗೂ ವಾದ ಮಾಡ್ತಾರೆ. ಎಲ್ಲರೂ ಪಕ್ಕದ ಮನೆ ಕಡೆ ಬೆರಳು ತೋರಿಸಿದ್ರು. ತೋರಿಸಿದ ಬೆರಳಿಗೂ ಹುಣ್ಣಾಯ್ತು ಅಷ್ಟೆ."

"ಆಗ ಔಷಧಿ ಇರ್ಲಿಲ್ವಾ?" ಗಂಡ ಇಸ್ತ್ರಿ ತಳ್ಳುತ್ತಲೇ ಕೇಳಿದ.

"ಪಾದರಸ ಇತ್ತಪ್ಪ. ಮೈಗೆ ಹಚ್ಚೋರು, ಹೊಗೆ ಕೊಡೋರು, ನುಂಗಿಸೋರು. ಜೊಲ್ಲು ಸುರಿದು ಹಲ್ಲು ಉದುರೋದು. ರೋಗದಿಂದ ಸತ್ತರೋ ಮದ್ದಿನಿಂದ ಸತ್ತರೋ ತಿಳೀದು. ನೂರಾರು ವರ್ಷ ಇದೇ ಗತಿ. ಕಳೆದ ಶತಮಾನದ ಶುರುವಿನಲ್ಲಿ ರಕ್ತ ಪರೀಕ್ಷೆ ಬಂತು, ಆರ್ಸೆನಿಕ್ ಸೇರಿಸಿದ ಒಂದು ಔಷಧಿ ಬಂತು. ಅದಕ್ಕೂ ಕಾಟ ಇತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆನಿಸಿಲಿನ್ ಕೈಗೆ ಸಿಕ್ಕಿತು. ಬೂಷ್ಟಿನಿಂದ ತೆಗೆದದ್ದು."

"ಬೂಷ್ಟಾ? ನಾವು ಬಟ್ಟೆ ಮೇಲೆ ಬೂಷ್ಟು ಬಂದ್ರೆ ಗಿರಾಕಿ ಹತ್ರ ಬೈಸ್ಕೋತೀವಿ!" ಎಂದರು ಅತ್ತೆ.

"ಅಂಥದ್ದೇ ಒಂದು ಬೂಷ್ಟಮ್ಮಾ. ಅದೇ ಮದ್ದು ಇವತ್ತಿಗೂ ಈ ರೋಗಕ್ಕೆ ಮೊದಲನೇದು. ಬಸುರಿಯರಿಗಂತೂ ಅದೇ ಆಗಬೇಕು."

ಗಂಡ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟ. "ಸಿಸ್ಟರ್, ಒಂದು ಹುಣ್ಣು ಆಗಿ, ನೋವೂ ಇಲ್ದೆ, ತಾನಾಗೇ ಮಾಯ್ದು ಹೋದ್ರೆ? ರೋಗ ಹೋಯ್ತು ಅಂತ ತಾನೆ?"

ಅತ್ತೆಯ ಸೂಜಿ ನಿಂತಿತು. "ಯಾರೋ ಸ್ನೇಹಿತನಿಗೋಸ್ಕರ ಕೇಳ್ತಿದ್ದಾನೆ" ಎಂದು ಅವರೇ ಅವಸರವಾಗಿ ಹೇಳಿದರು.

"ಯಾರಿಗಾದರೂ ಸರಿ, ಈ ರೋಗ ಮೋಸ ಮಾಡೋದೇ ಹೀಗೆ" ಎಂದರು ನರ್ಸ್. "ಹುಣ್ಣು ನೋಯಲ್ಲ, ಕೆಲವು ವಾರದಲ್ಲಿ ಒಣಗುತ್ತೆ. ಹುಣ್ಣು ಒಳಭಾಗದಲ್ಲಿ ಆಗಿದ್ರೆ ಕಣ್ಣಿಗೇ ಬೀಳದೆ ಇರಬಹುದು. ಆಮೇಲೆ ಕೆಲವರಿಗೆ ಮೈಮೇಲೆ, ಅಂಗೈ ಅಂಗಾಲಲ್ಲಿ ಕಲೆ ಏಳುತ್ತೆ. ಅದೂ ಹೋಗುತ್ತೆ. ರೋಗ ಮಾತ್ರ ರಕ್ತದಲ್ಲಿ ಕೂತಿರುತ್ತೆ. ವರ್ಷಗಳ ಮೇಲೆ ಕಣ್ಣು, ಹೃದಯ, ಮೆದುಳನ್ನ ಹಿಡಿಯಬಹುದು."

"ಹಾಗಾದ್ರೆ ಮೊದಲು ಯಾರಿಗೆ ಬಂತು ಅಂತ ರಕ್ತ ನೋಡಿ ಹೇಳಿಬಿಡಿ!" ಅತ್ತೆಯ ದನಿ ಏರಿತು.

"ರಕ್ತ ಹೆಸರು ಹೇಳಲ್ಲಮ್ಮಾ. ರೋಗ ಇದೆಯೋ ಇಲ್ಲವೋ ಅಷ್ಟು ಹೇಳುತ್ತೆ."

ಸೊಸೆ ಅತ್ತೆಯ ಮುಂದೆ ಬಂದು ಕೂತಳು.

"ಅತ್ತೆ, ತೊಟ್ಟಿಯಲ್ಲಿ ಯಾವುದೋ ಬಟ್ಟೆ ಬಣ್ಣ ಬಿಟ್ರೆ ನೀವೇನಂತೀರಾ? ಮೊದಲು ಎಲ್ಲಾನೂ ಹೊರಗೆ ಎಳೀರಿ, ಯಾವುದು ಬಿಡ್ತು ಅಂತ ಆಮೇಲೆ ಜಗಳ ಆಡೋಣ ಅಂತೀರಾ. ನನ್ನ ಮಗು ಇನ್ನೂ ತೊಟ್ಟಿಯೊಳಗೇ ಇದೆ."

ಅತ್ತೆ ಸೊಸೆಯ ಹೊಟ್ಟೆಯನ್ನೇ ನೋಡಿದರು. "ಮಗೂಗೆ ಏನಾಗುತ್ತೆ ತಾಯಿ?" ಎಂದು ನರ್ಸನ್ನು ಕೇಳಿದರು.

"ಚಿಕಿತ್ಸೆ ಆಗದಿದ್ರೆ ಹೊಟ್ಟೇಲೇ ಹೋಗಬಹುದು. ತಿಂಗಳು ತುಂಬೋ ಹೊತ್ತಿಗೂ ಹೋಗಬಹುದು. ಉಳಿದರೂ ರೋಗ ಹೊತ್ತು ಹುಟ್ಟಬಹುದು. ಬೇಗ ಚಿಕಿತ್ಸೆ ಆದ್ರೆ ಇದನ್ನೆಲ್ಲ ತಡೀಬಹುದು."

ಅತ್ತೆ ಸೂಜಿಯನ್ನು ಅಂಗಿಗೆ ಚುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಮಗನ ಕಡೆ ತಿರುಗದೆ ಹೇಳಿದರು. "ಇವನಿಗಿಂತ ಮುಂಚೆ ನನಗೆ ಎರಡು. ಎರಡೂ ಹಾಗೇ ಹೋದ್ವು. ನನ್ನ ಕಾಲ್ಗುಣ ಅಂದ್ರು ನಮ್ಮತ್ತೆ."

"ಅದು ಇದೇ ರೋಗ ಅಂತ ನಾನು ಹೇಳಲಾರೆನಮ್ಮಾ. ಆಗ ಯಾರೂ ಪರೀಕ್ಷೆ ಮಾಡಲಿಲ್ಲ."

"ಮಾಡಲಿಲ್ಲ. ಬೈದರು ಅಷ್ಟೆ."

ಅತ್ತೆ ಎದ್ದು ಇಸ್ತ್ರಿಯ ಪ್ಲಗ್ ಕಿತ್ತರು. "ಏಳೋ. ಅಂಗಡಿ ನಾನು ನೋಡ್ಕೋತೀನಿ."

"ಅಮ್ಮಾ, ಅದು ನಾನೇ..."

"ನನಗೆ ಹೇಳಬೇಡ. ಹೇಳೋದಿದ್ರೆ ಅವಳಿಗೆ ಹೇಳು."

ಆಸ್ಪತ್ರೆಯ ದಾರಿಯಲ್ಲಿ ಅವನು ಹೇಳಿದ. ಮದುವೆಗೆ ಮುಂಚೆ ಒಬ್ಬರ ಜೊತೆಗಿದ್ದ ಸಂಬಂಧದ ಮಾತು. ಹುಣ್ಣು ಮಾಯ್ದಿತ್ತು, ಅವನು ಮರೆತಿದ್ದ. ಸೊಸೆ ಕೇಳಿಸಿಕೊಂಡಳು. "ಸಿಟ್ಟಿದೆ ರೀ. ಅದು ಇಂಜೆಕ್ಷನ್ನಿನಿಂದ ಹೋಗೋದಲ್ಲ. ಈಗ ಬೇಗ ಹೆಜ್ಜೆ ಹಾಕಿ" ಎಂದಳು.

ಅವನಿಗೂ ರೋಗವಿತ್ತು. ಪೆನಿಸಿಲಿನ್ ಒಗ್ಗುತ್ತದೆಯೇ ಎಂದು ವಿಚಾರಿಸಿಯೇ ಇಂಜೆಕ್ಷನ್ ಕೊಟ್ಟರು. ಯಾವಾಗಿನದೆಂದು ಖಚಿತವಿಲ್ಲದ ಕಾರಣ ಅವನಿಗೂ ಮೂರು. ಸೊಂಟದಲ್ಲಿ ನೋವೆಂದು ಗೊಣಗಿದ. "ಹಲ್ಲು ಉದುರಲಿಲ್ವಲ್ಲ, ಸುಮ್ನಿರಿ" ಎಂದಳು ಹೆಂಡತಿ. ಹಳೆಯ ಆ ವ್ಯಕ್ತಿಗೂ ಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಬೇಕೆಂದು ನರ್ಸ್ ಹೇಳಿದರು, ಅವನು ತಿಳಿಸಿದ. ಒಂದು ಸಲ ವಾಸಿಯಾದರೂ ಮತ್ತೆ ಬರಬಹುದು, ಆದ್ದರಿಂದ ನಿರೋಧ್ ಬಳಸುವುದನ್ನೂ, ಮತ್ತೆ ರಕ್ತ ಪರೀಕ್ಷೆಗೆ ಬರುವುದನ್ನೂ ಮರೆಯಬಾರದೆಂದು ತಿಳಿದುಕೊಂಡ.

ಅತ್ತೆಯೂ ಒಂದು ದಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರು. ಏನು ಬಂತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅದು ಆಕೆಗೂ ಆಸ್ಪತ್ರೆಗೂ ಬಿಟ್ಟ ಮಾತು.

ಗಂಡ ಹೆಂಡತಿ ಇಬ್ಬರ ಇಂಜೆಕ್ಷನ್ನುಗಳೂ ಮುಗಿದವು. ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ಮಗುವನ್ನೂ ಪರೀಕ್ಷಿಸಿದರು. ಚೆನ್ನಾಗಿದೆ. ಬೀದಿಯ ಆ ತುದಿಗೆ ಕೇಳುವಷ್ಟು ಅಳುತ್ತದೆ. ಅತ್ತೆಗೆ ಆ ಅಳು ಎಷ್ಟು ಕೇಳಿದರೂ ಸಾಲದು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಹುಣ್ಣು ಒಣಗಿತೆಂದು ಸಮಾಧಾನಪಡಬೇಡಿ, ತೋರಿಸಿಕೊಳ್ಳಿ. ನಾಚಿಕೆಗೆ ಹೆದರಿ ಅವರಿವರು ಕೊಡುವ ಮದ್ದು ತಿನ್ನಬೇಡಿ. ಬಸುರಾದ ಕೂಡಲೇ ಈ ರಕ್ತ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ನೂರಾರು ವರ್ಷ ಜನ ಪಾದರಸ ನುಂಗಿ ನರಳಿದ ರೋಗಕ್ಕೆ ಇಂದು ಆಸ್ಪತ್ರೆಯಲ್ಲಿ ಮದ್ದಿದೆ. ಹೆಂಡತಿಯನ್ನು ಒಳಗೆ ಕಳಿಸಿ ಹೊರಗಿನ ಬೆಂಚಿನ ಮೇಲೆ ಕೂತಿರುವ ಗಂಡಂದಿರೇ, ಏಳಿ. ಒಳಗೆ ಹೋಗಿ, ರಕ್ತ ಪರೀಕ್ಷೆಗೆ ನಿಮ್ಮ ತೋಳನ್ನೂ ಚಾಚಿ.