ಒಲೆಯ ಮುಂದಿನ ಚಾಪೆ

ತಿಂಗಳಿಗೊಮ್ಮೆ ಗಂಗಾಶ್ರೀಗೆ ಜಗಲಿಯೇ ಮನೆ. ಆ ದಿನಗಳಲ್ಲಿ ಅಡುಗೆಮನೆಗೆ ಹೋಗುವಂತಿಲ್ಲ. ಎಲ್ಲರ ಊಟವಾದ ಮೇಲೆ ಅಜ್ಜಿ ಬಂಗಾರಮ್ಮ ತಟ್ಟೆಯನ್ನು ಹೊಸ್ತಿಲಾಚೆ ಸರಿಸುತ್ತಿದ್ದರು. ಆರಿದ ಅನ್ನ, ತಣ್ಣನೆಯ ಮಜ್ಜಿಗೆ.

"ಬಿಸಿ ತಿಂದ್ರೆ ಉಷ್ಣ ಆಗ್ತೈತೆ ಕಣೆ, ಜಾಸ್ತಿ ಹೋಗ್ತೈತೆ" ಎನ್ನುವುದು ಅಜ್ಜಿಯ ನಂಬಿಕೆ.

ಚಾಪೆಯ ಮೇಲೆ ಮುದುಡಿ ಮಲಗಿದರೆ ನೋವು ಕಿಬ್ಬೊಟ್ಟೆಯಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ ಮೆಲ್ಲಗೆ ಇಳಿಯುತ್ತಿತ್ತು. ಅರೆನಿದ್ದೆಯಲ್ಲಿ ಅವಳಿಗೆ ಯಾವಾಗಲೂ ಒಂದೇ ಕನಸು. ಥ್ರೋಬಾಲ್ ಮೇಲೇರುತ್ತದೆ, ಮೋಡದ ಹಾಗೆ ತೇಲುತ್ತದೆ, ಇವಳಿಗೆ ಮಾತ್ರ ಕೈ ಏಳುವುದಿಲ್ಲ.

ನಿಜದಲ್ಲೂ ಹಾಗೇ ಆಗಿತ್ತು. ಸೊರಬದಿಂದ ದಿನಾ ಬಸ್ಸಿನಲ್ಲಿ ಹೋಗುವ ಶಿಕಾರಿಪುರದ ಕಾಲೇಜಿನಲ್ಲಿ ತಂಡದ ಆಯ್ಕೆ ನಡೆದ ದಿನ, ಅಂಕಣದ ನಡುವೆಯೇ ಹೊಟ್ಟೆ ಹಿಡಿದು ಕೂತುಬಿಟ್ಟಿದ್ದಳು. ಆಟ ಕಲಿಸುವ ಮೇಡಂ ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದರು. ಅದೂ ಮುಂದಿನ ತಿಂಗಳ ಮುಟ್ಟಿನ ದಿನಗಳಲ್ಲೇ ಬೀಳುವಂತಿತ್ತು.

"ಆಟ ಬ್ಯಾಡ ಅಂತ ಹೇಳ್ಬಿಡು. ಹೆಣ್ಣಾದ ಮೇಲೆ ನೋವು ಇದ್ದಿದ್ದೇ" ಎಂದರು ಅಜ್ಜಿ.

ಅಷ್ಟರಲ್ಲಿ ಅಜ್ಜಿಯ ಮಗಳು ಸಂಗೀತತ್ತೆ ಬಂದರು. ಶಿಕಾರಿಪುರದಲ್ಲಿ ಅವರು ಆಯುರ್ವೇದ ವೈದ್ಯೆ. ಜಗಲಿಯಲ್ಲಿದ್ದ ತಟ್ಟೆಯ ಅನ್ನವನ್ನು ಮುಟ್ಟಿ ನೋಡಿದರು.

"ಅವ್ವ, ನಾನು ಬಾಣಂತಿ ಇದ್ದಾಗ ಏನು ಉಣ್ಣಿಸ್ತಿದ್ದೆ?"

"ಬಿಸಿ ಅನ್ನ, ತುಪ್ಪ, ಓಮ ಕುದಿಸಿದ ನೀರು. ತಣ್ಣಂದು ಸೋಕಿಸ್ಲಿಲ್ಲ. ವಾಯು ಏರಲ್ವೇನೆ? ಡಾಕ್ಟ್ರಾಗಿ ಅಷ್ಟೂ ಗೊತ್ತಿಲ್ವಾ?"

"ಇದೂ ಅದೇ ಹೊಟ್ಟೆ ಕಣವ್ವ. ಇವಳಿಗ್ಯಾಕೆ ತಣ್ಣಂದು?"

ಅಜ್ಜಿ ತಟ್ಟೆಯ ಕಡೆ ನೋಡಿದರು. "ಹಂಗಾದ್ರೆ ಉಷ್ಣ?" ಎಂದರು.

"ಹದವಾದ ಬಿಸಿ ಉಷ್ಣ ಅಲ್ಲ. ಖಾರ, ಕರಿದದ್ದು ಕಡಿಮೆ ಮಾಡು. ಮುಟ್ಟು ಹತ್ತಿರ ಬಂದಾಗಲೇ ಜೀರಿಗೆ, ಶುಂಠಿ ಕುದಿಸಿದ ನೀರು ಕೊಡು, ಒಂದು ಎಳ್ಳುಂಡೆ ಕೊಡು. ಕಿಬ್ಬೊಟ್ಟೆಗೆ ಬೆಚ್ಚಗಿನ ಎಳ್ಳೆಣ್ಣೆ ಸವರಿ, ಬಿಸಿನೀರಿನ ಚೀಲ ಇಡು. ಇವಳೂ ಮೊಬೈಲು ಬಿಟ್ಟು ಬೇಗ ಮಲಗಲಿ, ಸ್ವಲ್ಪ ನಡೆದಾಡಲಿ."

"ಇಷ್ಟಕ್ಕೇ ಹೋಗ್ತೈತಾ?"

"ಪೂರ್ತಿ ಹೋಗ್ತದೆ ಅನ್ನಲ್ಲ. ಎಷ್ಟೋ ಜನಕ್ಕೆ ಹಗುರಾಗ್ತದೆ. ಆಗ್ಲಿಲ್ಲ ಅಂದ್ರೆ ಪರೀಕ್ಷೆ ಮಾಡಿಸ್ಬೇಕು. ಹಲ್ಲು ಕಚ್ಚಿ ಕೂರೋದಲ್ಲ."

ಮುಂದಿನ ತಿಂಗಳು, ವಾರದಿಂದ ಅಜ್ಜಿ ಕೊಟ್ಟ ಜೀರಿಗೆ ನೀರು ಕುಡಿದಿದ್ದ ಗಂಗಾಶ್ರೀ, ಮುಟ್ಟಾದ ದಿನ ಎಂದಿನಂತೆ ಚಾಪೆ ತೆಗೆದುಕೊಂಡು ಜಗಲಿಗೆ ಹೊರಟಳು. ಅಜ್ಜಿ ಚಾಪೆಯನ್ನು ಕಿತ್ತುಕೊಂಡು ಒಲೆಯ ಮುಂದೆ ಹಾಸಿದರು. "ಜಗಲಿ ಥಂಡೀಲಿ ವಾಯು ಏರ್ತೈತೆ. ಎಣ್ಣೆ ಆರೋಗ್ತೈತೆ, ಮಲಗೇ!" ಆ ಸುಕ್ಕುಗಟ್ಟಿದ ಅಂಗೈಯ ಶಾಖದಲ್ಲಿ ನೋವು ಕರಗಿ ತೆಳುವಾಯಿತು. ಬಿಸಿಲಿಗೆ ಕಾದ ಅಂಬ್ಲಿಗೊಳ ಜಲಾಶಯದ ನೀರಿನ ಮೇಲೆ ತೇಲಿದಂತೆ ಅವಳಿಗೆ ಜೊಂಪು ಹತ್ತಿತು.

ಮರುದಿನ ಆಯ್ಕೆಗೆ ಅಂಕಣಕ್ಕಿಳಿದಾಗ ನೋವು ಇತ್ತು. ದೂರದಲ್ಲಿ ಯಾರೋ ಕರೆದ ಹಾಗೆ, ಅಷ್ಟೇ. ಚೆಂಡು ಮೇಲೇರಿತು, ತೇಲಿತು. ಕೈಗಳು ಎದ್ದವು. ಚೆಂಡು ಬಂದು ಕೈಯೊಳಗೆ ಕೂತಿತು.

"ನಾಳಿದ್ದಿಂದ ತಂಡದ ಜೊತೆ ಅಭ್ಯಾಸಕ್ಕೆ ಬಾ" ಎಂದರು ಮೇಡಂ.

ಸುದ್ದಿ ಹೇಳಲು ಫೋನ್ ಮಾಡಿದರೆ ಅಜ್ಜಿ ಕೇಳಿದ್ದು ಒಂದೇ ಮಾತು: "ಬಿಸಿ ಅನ್ನ ಮಾಡ್ಬೇಕು, ಯಾವ ಬಸ್ಸಿಗೆ ಬರ್ತೀಯ?"

ಅಮ್ಮಂದಿರೇ, ಅಜ್ಜಿಯರೇ, ನಿಮ್ಮ ಮನೆಯ ಹುಡುಗಿಯ ತಟ್ಟೆಯನ್ನೂ ಇಂದು ಒಮ್ಮೆ ಮುಟ್ಟಿ ನೋಡಿ. ಆ ದಿನಗಳಲ್ಲಿ ಅವಳಿಗೆ ಬಿಸಿ ಊಟ, ಬೆಚ್ಚಗಿನ ಆರೈಕೆ, ವಿಶ್ರಾಂತಿ ಸಿಗಲಿ. ನೋವು ತಡೆಯಲಾಗದಿದ್ದರೆ, ರಕ್ತ ಹೆಚ್ಚು ಹೋದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅವಳ ಚಾಪೆಯನ್ನು ಒಳಗೆ ಹಾಸಿ.